ಒಸಡಿನ ಶಸ್ತ್ರಚಿಕಿತ್ಸೆಯ ನಂತರ ಗಾಯ ಚೆನ್ನಾಗಿ ಮಾಯಲು

ಒಸಡಿನ ಶಸ್ತ್ರಚಿಕಿತ್ಸೆಯಾದ ಮೊದಲ 24 ಗಂಟೆಗಳಲ್ಲಿ ಗಾಯದ ಮೇಲೆ ಕಟ್ಟಿದ ರಕ್ತದ ಹೆಪ್ಪನ್ನು ಕದಲದಂತೆ ಉಳಿಸಿಕೊಳ್ಳುವುದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹೊಸ ಅಂಗಾಂಶ ಬೆಳೆಯುವುದು ಅದನ್ನು ಆಧರಿಸಿಯೇ. ಆದ್ದರಿಂದ ಆ ದಿನ ಬಾಯಿ ಮುಕ್ಕಳಿಸಬಾರದು, ರಭಸದಿಂದ ಉಗುಳಬಾರದು, ಸ್ಟ್ರಾದಿಂದ ಹೀರಬಾರದು. ತುಟಿ ಎತ್ತಿ ಹೊಲಿಗೆಯನ್ನು ಪದೇ ಪದೇ ನೋಡುವ ಚಪಲವನ್ನೂ ಬಿಡಬೇಕು. ಊತ ತಗ್ಗಲು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗಿನಿಂದ 15 ನಿಮಿಷ ಒತ್ತಿಟ್ಟು, ಅಷ್ಟೇ ಹೊತ್ತು ಬಿಡುವು ಕೊಡಿ. ಊಟಕ್ಕೆ ಆರಿದ ಗಂಜಿ, ಮೊಸರನ್ನ, ರಾಗಿ ಅಂಬಲಿ ಒಳ್ಳೆಯವು.

ಮರುದಿನದಿಂದ, ವೈದ್ಯರು ಬರೆದುಕೊಟ್ಟಿದ್ದರೆ, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣದಿಂದ ದಿನಕ್ಕೆ 2 ಬಾರಿ ಮೃದುವಾಗಿ ಬಾಯಿ ತೊಳೆಯಿರಿ. ಇದರಿಂದ ಹಲ್ಲಿನ ಮೇಲೆ ಕಂದು ಕಲೆ ಮೂಡಬಹುದಾದರೂ ಅದನ್ನು ಮುಂದೆ ದಂತವೈದ್ಯರು ತೆಗೆಯಬಲ್ಲರು, ಹಾಗಾಗಿ ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ. ಅವರು ಹೇಳುವವರೆಗೆ ಗಾಯದ ಭಾಗಕ್ಕೆ ಬ್ರಷ್ ತಾಗಿಸದೆ, ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಿ.

ತಂಬಾಕಿನ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ, ಒಸಡಿಗೆ ಅತ್ಯಂತ ಅಗತ್ಯವಿರುವ ಹೊತ್ತಿನಲ್ಲೇ ರಕ್ತದ ಹರಿವನ್ನು ಕಡಿಮೆ ಮಾಡುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಎಲೆಯಡಿಕೆಯೊಂದಿಗಿನ ಹೊಗೆಸೊಪ್ಪು ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಮಧುಮೇಹಿಗಳು ಸಕ್ಕರೆಯ ಮಟ್ಟವನ್ನು ಹತೋಟಿಯಲ್ಲಿಡದಿದ್ದರೆ ಗಾಯ ಮಾಯುವುದು ನಿಧಾನವಾಗುತ್ತದೆ.

ಒದ್ದೆ ಗಾಜ್ ಬಟ್ಟೆಯನ್ನು 20 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಅಥವಾ ಕೀವು ಕಾಣಿಸಿದರೆ, ಮುಂದಿನ ಭೇಟಿಯವರೆಗೆ ಕಾಯದೆ ದಂತವೈದ್ಯರನ್ನು ಕಾಣಿರಿ.