ಅಂಗೈ ಒಪ್ಪಿತು, ಕತ್ತು ಒಪ್ಪಲಿಲ್ಲ

ಚಳ್ಳಕೆರೆ ಕಡೆಯಿಂದ ತಂದ ಕರಿ ಕಂಬಳಿಯೊಂದನ್ನು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ನನ್ನ ಅಂಗಡಿಗೆ ತಂದು, ತೋಳಿಲ್ಲದ ಜಾಕೆಟ್ ಹೊಲಿದುಕೊಡು ಎಂದರು. ಮೇಜಿನ ಮೇಲೆ ಹರಡಿ ಅಂಗೈ ಆಡಿಸಿದೆ. ಸ್ವಲ್ಪ ಒರಟು, ಅಷ್ಟೇ. ಅವರೂ ಸವರಿ ನೋಡಿ ‘ಪರವಾಗಿಲ್ಲಪ್ಪಾ’ ಎಂದರು. ಹೊಲಿದುಕೊಟ್ಟ ಮೂರನೆಯ ದಿನ ಜಾಕೆಟ್ ವಾಪಸು ಬಂತು. ಮೇಷ್ಟ್ರ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತ್ತು.

‘ಏನಪ್ಪಾ, ಕತ್ತಿಗೆ ಕೆಂಜಿಗ ಬಿಟ್ಟ ಹಾಗಾಗುತ್ತದಲ್ಲ!’

ಒಗೆದರೆ ಸರಿಹೋದೀತು ಎಂದುಕೊಂಡೆ. ಕಂಬಳಿ ನೇಯುವಾಗ ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಕಟ್ಟುವ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಬಿರುಸು ಅದರದ್ದೇ ಎಂದು ನನ್ನ ಲೆಕ್ಕ. ಎರಡು ಸಲ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ತೆಗೆದೆ. ಗಂಜಿ ಬಿಟ್ಟು ಬಟ್ಟೆ ಮೆತ್ತಗಾಯಿತು, ಮಡಿಕೆ ಚೆನ್ನಾಗಿ ಬಿತ್ತು, ಕೈಗೆ ಹಿತವಾಯಿತು. ಕತ್ತಿಗೆ ಹಾಕಿಕೊಂಡರೆ ಅದೇ ಕೆಂಜಿಗ. ಬಿರುಸು ಬೇರೆ, ಚುಚ್ಚುವುದು ಬೇರೆ ಎಂದು ನನಗೆ ಗೊತ್ತಾದದ್ದು ಆಗಲೇ. ಇಷ್ಟು ವರ್ಷ ಕತ್ತರಿ ಹಿಡಿದವನಿಗೆ ಇದು ನಾಚಿಕೆಯ ವಿಷಯವೇ.

ಚುಚ್ಚುವುದು ಕೂದಲಿನ ತುದಿ. ಬಟ್ಟೆಯಿಂದ ಹೊರಗೆ ಇಣುಕುವ ಎಳೆ ತೆಳ್ಳಗಿದ್ದರೆ ಚರ್ಮಕ್ಕೆ ತಾಗಿದ ಕೂಡಲೇ ಬಾಗಿಬಿಡುತ್ತದೆ. ಸುಮಾರು 30 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ದಾಟಿತೆಂದರೆ ಬಾಗದೆ ನೆಟ್ಟಗೆ ನಿಂತು ಒತ್ತುತ್ತದೆ. ಮೆರಿನೊ ಉಣ್ಣೆ ಸುಮಾರು 20 ಮೈಕ್ರಾನ್ ಇರುವುದರಿಂದ ಹಿತವಾಗಿರುತ್ತದೆ. ನಮ್ಮ ದಖ್ಖನಿ ಕುರಿಯ ಕೂದಲು ದಪ್ಪ, ತೊಳೆದರೆ ಅದು ಸಣ್ಣಗಾಗುವುದಿಲ್ಲ. ಹೀಗೆ ಒತ್ತಿದ್ದನ್ನು ನೋವಿನ ನರಗಳೇ ಮಿದುಳಿಗೆ ಮುಟ್ಟಿಸುತ್ತವೆ. ನವೆ ಎಂದು ನಾವು ಕೆರೆದುಕೊಳ್ಳುವುದು ನಿಜಕ್ಕೂ ಸಣ್ಣ ಸಣ್ಣ ನೋವು. ಅಂಗೈಯ ಚರ್ಮ ದಪ್ಪ, ಅಲ್ಲಿಗೆ ಈ ಒತ್ತಡ ಮುಟ್ಟುವುದೇ ಇಲ್ಲ. ಅಂಗಡಿಯಲ್ಲಿ ಎಲ್ಲರೂ ಬಟ್ಟೆ ಪರೀಕ್ಷಿಸುವುದು ಮಾತ್ರ ಅಂಗೈಯಿಂದಲೇ!

ಮೊದಲು ಕತ್ತಿಗೂ ಕಂಕುಳಿಗೂ ಮಲ್ ಬಟ್ಟೆಯ ಪಟ್ಟಿ ಕೊಟ್ಟೆ. ಅದರ ನೇಯ್ಗೆ ಸಡಿಲ. ಎರಡೇ ದಿನದಲ್ಲಿ ಕೂದಲು ಅದನ್ನೂ ತೂರಿ ಬಂತು. ಆಮೇಲೆ ನೀರಿನಲ್ಲಿ ನೆನೆಸಿ ಒಣಗಿಸಿದ ಪಾಪ್ಲಿನ್ ತೆಗೆದುಕೊಂಡು ಎರಡೂವರೆ ಇಂಚು ಅಗಲದ ಪಟ್ಟಿ ಹಾಕಿದೆ. ಮಷಿನ್ ಹೊಲಿಗೆಯ ಸೂಜಿ ಕಂಬಳಿಯ ಕೂದಲನ್ನು ತೂತಿನಿಂದ ಎಳೆದು ತರುವುದರಿಂದ ಒಳಗಿನ ಅಂಚನ್ನು ಕೈಯಲ್ಲೇ ಹೆಮ್ಮಿಂಗ್ ಮಾಡಿದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೂಲಿ ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ಈಗ ಯಾವ ಬಟ್ಟೆ ಬಂದರೂ ಮುಂಗೈಯ ಒಳಬದಿಗೆ ಒತ್ತಿ ನೋಡುತ್ತೇನೆ, ಚರ್ಮವನ್ನು ಸ್ವಲ್ಪ ಒದ್ದೆ ಮಾಡಿಕೊಂಡು. ಬೆವರಿದ ಚರ್ಮ ಮೆತ್ತಗಾಗುತ್ತದೆ, ಚುಚ್ಚುವುದು ಹೆಚ್ಚು ಗೊತ್ತಾಗುತ್ತದೆ. ಬೆಳಗಿನ ಚಳಿಯಲ್ಲಿ ಸುಮ್ಮನಿದ್ದ ಬಟ್ಟೆ ಮಧ್ಯಾಹ್ನ ಕಾಡುವುದು ಇದಕ್ಕೇ. ಹಿತ ಅನ್ನಿಸುವುದಕ್ಕೂ ಜಾಗ ಬೇರೆಯೇ. ನಿಧಾನವಾಗಿ, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರಿನಷ್ಟು ವೇಗದಲ್ಲಿ ಸವರಿದರೆ ಸುಖ ಕೊಡುವ ನರಗಳು ಕೂದಲಿರುವ ಚರ್ಮದಲ್ಲಿ ಹೇರಳ, ಅಂಗೈಯಲ್ಲಿ ಕಡಿಮೆ. ರೇಷ್ಮೆಯನ್ನು ಕೆನ್ನೆಗೆ ತಾಗಿಸಿ ನೋಡುವ ಹೆಂಗಸರನ್ನು ಕಂಡು ಹಿಂದೆ ನಗುತ್ತಿದ್ದೆ. ಅವರದ್ದೇ ಸರಿ.

ಶಾಲಾ ಅಂಗಿಯ ಲೇಬಲ್ ಬಗ್ಗೆಯೂ ಒಂದು ಮಾತು. ಬಿಸಿಯಿಂದ ಕತ್ತರಿಸಿದ ಲೇಬಲಿನ ಮೂಲೆ ಕರಗಿ ಗಟ್ಟಿಯಾಗಿರುತ್ತದೆ. ಮಗು ಹಠ ಮಾಡುತ್ತದೆ ಎಂದು ತಾಯಂದಿರು ಬೈಯುತ್ತಾರೆ; ನಾನು ಮಗುವಿನ ಪರ. ಆದರೆ ಕತ್ತರಿಯಿಂದ ಕತ್ತರಿಸಬಾರದು, ಉಳಿದ ಮೋಟು ಇನ್ನೂ ಕೆಟ್ಟದಾಗಿ ಚುಚ್ಚುತ್ತದೆ. ಹೊಲಿಗೆಯನ್ನೇ ಬಿಚ್ಚಿ ತೆಗೆಯಬೇಕು. ಬ್ಲೌಸಿನ ತೋಳಂಚಿನ ಜರಿಗೂ ಒಳಗೆ ಪಟ್ಟಿ ಇಲ್ಲದೆ ನಾನು ಹೊಲಿಯುವುದಿಲ್ಲ.

ಮೇಷ್ಟ್ರು ಈಗ ಉಳಿದ ಕಂಬಳಿ ತುಂಡಿನಲ್ಲಿ ಟೋಪಿ ಕೇಳಿದ್ದಾರೆ. ಅವರ ತಲೆ ಪೂರ್ತಿ ಬೋಳು. ಪಟ್ಟಿ ಸಾಲದು ಎಂದು ಒಂದು ಮೊಳ ಪಾಪ್ಲಿನ್ ನೆನೆಹಾಕಿದ್ದೇನೆ.