ಟೆಕ್ಸಾಸಲ್ಲಿ ಕೃಷ್ಣಮೃಗ ಸಾಕೋ ಆಸೆನಾ? ಮೊದಲು ಜನವರಿಲಿ ಬರೋ ಕವರ್ ಒಡೀರಿ

ಆಸ್ಟಿನ್ ಕಡೆ ಇರೋ ನಮ್ಮವರು ಈಗ ಒಬ್ಬೊಬ್ಬರಾಗಿ ಪಕ್ಕದ ಗುಡ್ಡದ ಸೀಮೆ ಹಿಲ್ ಕಂಟ್ರಿಲಿ ಹತ್ತು ಇಪ್ಪತ್ತು ಎಕರೆ ತಗೊಳ್ತಿದಾರೆ, ತಗೊಂಡ ಮೇಲೆ ಮೊದಲನೇ ಆಸೆ ಒಂದಷ್ಟು ಜಿಂಕೆ ಬಿಡಬೇಕು ಅಂತ. ಹೋದ ತಿಂಗಳು ಇಬ್ಬರು ಫೋನ್ ಮಾಡಿದ್ರು, ಇಬ್ಬರೂ ಜಮೀನಿನ ಟ್ಯಾಕ್ಸ್ ವಿಷ್ಯದಲ್ಲಿ ನಾನು ಮಾಡಿದ ತಪ್ಪನ್ನೇ ಮಾಡ್ಕೊಂಡು ಕೂತಿದಾರೆ.

ಹುಲಿ ಸಿಂಹದ ಮಾತು ಬಿಡಿ, 2022ರ ಡಿಸೆಂಬರಲ್ಲಿ ಬಂದ ಫೆಡರಲ್ ಕಾನೂನು ಮನೆಮಂದಿ ಹೊಸದಾಗಿ ಅವನ್ನ ಸಾಕೋ ದಾರಿ ಮುಚ್ಚಿದೆ. ಆದ್ರೆ ಕೃಷ್ಣಮೃಗ, ಆಕ್ಸಿಸ್ (ಅಂದ್ರೆ ನಮ್ಮ ಚುಕ್ಕೆ ಜಿಂಕೆನೇ), ನೀಲ್‌ಗಾಯ್ ಇವೆಲ್ಲ ಇಲ್ಲಿ ಕುರಿ ಮೇಕೆ ಇದ್ದಂಗೆ, ದುಡ್ಡು ಕೊಟ್ಟು ತಂದ್ರೆ ನಿಮ್ಮ ಆಸ್ತಿ. 1930ರ ದಶಕದಲ್ಲೇ ರ‍್ಯಾಂಚ್‌ನೋರು ತಂದು ಬಿಟ್ಟಿದ್ದು. ರಾಣೆಬೆನ್ನೂರಿಂದ ಬಂದಿದ್ದ ನಮ್ಮಪ್ಪ ಬೇಲಿ ಹತ್ರ ನಿಂತು ನೋಡಿ, ದನಿ ತಗ್ಗಿಸಿ, "ಪೊಲೀಸ್ರು ಬರಂಗಿಲ್ಲೇನೋ?" ಅಂದ್ರು. ಅವರ ಊರಲ್ಲಿ ಅದೇ ಮೃಗಕ್ಕೆ ಅಭಯಾರಣ್ಯ ಇದೆ, 1972ರ ಕಾಯ್ದೆ ಪ್ರಕಾರ ಮುಟ್ಟಿದ್ರೆ ಜೈಲು.

ಅದೇ ಬೇಲಿ ಒಳಗೆ ಸಿಕ್ಕಿಬಿದ್ದ ಇಲ್ಲಿನ ವೈಟ್‌ಟೇಲ್ ಜಿಂಕೆ ಮಾತ್ರ ನಿಮ್ದಲ್ಲ, ಎಂಟಡಿ ಬೇಲಿ ಹಾಕಿದ್ರೂ ಅದು ರಾಜ್ಯದ್ದು.

ಈಗ ನನ್ನ ದುಡ್ಡು ಹೋದ ಕತೆ. ನಾನು ತಗೊಂಡ 20 ಎಕರೆಲಿ ಹಳೇ ಓನರ್ ದನ ಮೇಯಿಸ್ತಿದ್ರು, ಅದಕ್ಕೇ ಆ್ಯಗ್ (ಕೃಷಿ) ವ್ಯಾಲ್ಯುಯೇಷನ್ ಇತ್ತು, ಅಂದ್ರೆ ಜಮೀನಿನ ಮಾರ್ಕೆಟ್ ಬೆಲೆ ಮೇಲಲ್ಲ, ಮೇವಿನ ಹುಟ್ಟುವಳಿ ಮೇಲೆ ಟ್ಯಾಕ್ಸ್, ವರ್ಷಕ್ಕೆ ನೂರು ಡಾಲರೂ ಇಲ್ಲ. ರಿಜಿಸ್ಟ್ರೇಷನ್ ಆಯ್ತಲ್ಲ ಇದೂ ಜೊತೆಗೇ ಬಂತು ಅಂದ್ಕೊಂಡೆ. ಬರಲ್ಲ ಕಣ್ರೀ! ಖಾತೆ ಬದಲಾವಣೆಗೆ ಬೇರೆ ಅರ್ಜಿ ಹಾಕ್ತೀವಲ್ಲ ಹಂಗೆ, ಓನರ್ ಬದಲಾದ್ರೆ ಹೊಸ ಅರ್ಜಿ, ಏಪ್ರಿಲ್ 30ರೊಳಗೆ. ಜನವರಿಲಿ ಅಪ್ರೈಸಲ್ ಆಫೀಸಿನ (ಟ್ಯಾಕ್ಸಿಗೆ ಜಮೀನಿನ ಬೆಲೆ ಕಟ್ಟೋರು) ಕವರ್ ಬಂದಿತ್ತು, ನಾನು ಪಿಜ್ಜಾ ಕೂಪನ್ ಜೊತೆ ಫ್ರಿಡ್ಜ್ ಮೇಲೆ ಇಟ್ಟಿದ್ದೆ.

ಜೂನಲ್ಲಿ ಓಡಿದೆ. ತಡವಾದ ಅರ್ಜಿನೂ ತಗೊಳ್ತಾರೆ, ನಮಗೆ ಉಳಿತಾಯ ಆಗೋ ಟ್ಯಾಕ್ಸ್ ಮೇಲೆ 10% ದಂಡ. ಆದ್ರೆ ಕೌಂಟರಿನ ಹೆಂಗಸು ಕೇಳಿದ್ದು ಒಂದೇ, ಪ್ರಾಣಿಗಳಿಂದ ಏನು ಉತ್ಪಾದನೆ ಅಂತ. ದನ ಹೋಗಿತ್ತು, ಇದ್ದಿದ್ದು ಆರು ಕೃಷ್ಣಮೃಗ, "ನೋಡೋಕೆ ಸಾಕಿದೀನಿ" ಅಂದುಬಿಟ್ಟೆ. ಅಲ್ಲಿಗೆ ಮುಗೀತು. ಮಾಂಸ, ಚರ್ಮ, ಉಣ್ಣೆ ಥರ ಮಾರೋ ವಸ್ತು ಬರಬೇಕು, ಆ ಕೌಂಟಿಲಿ (ನಮ್ಮ ಜಿಲ್ಲೆ ಇದ್ದಂಗೆ) ವಾಡಿಕೆ ಇರೋವಷ್ಟು ಸಂಖ್ಯೆನೂ ಇರಬೇಕು. ಚೆಂದಕ್ಕೆ ಸಾಕಿದ್ರೆ ಇಲ್ಲ, ಬರೀ ಶಿಕಾರಿಯೋರಿಗೆ ಬಿಟ್ರೂ ಇಲ್ಲ. ಸರಿ, ಕಾಡುಪ್ರಾಣಿಗೆ ಜಮೀನು ಬಿಟ್ಟೋರಿಗೆ ಅಷ್ಟೇ ಕಡಿಮೆ ಟ್ಯಾಕ್ಸ್ ಹಾಕೋ ವನ್ಯಜೀವಿ ವ್ಯಾಲ್ಯುಯೇಷನ್ ಆದ್ರೂ ಕೊಡಿ ಅಂದ್ರೆ ಅದು ಇಲ್ಲಿನ ಮೂಲ ಪ್ರಾಣಿಗಳಿಗೆ ಮಾತ್ರವಂತೆ, ಅದೂ ಹಿಂದಿನ ವರ್ಷ ಆ್ಯಗ್ ಇದ್ದ ಜಮೀನಿಗಷ್ಟೇ, ಅಂದ್ರೆ ಈ ವರ್ಷ ಕಳ್ಕೊಂಡ್ರೆ ಮುಂದಿನ ವರ್ಷ ಆ ಬಾಗಿಲೂ ಬಂದ್. ಬಿಲ್ಲು 6,000 ಡಾಲರ್ ಮೇಲೆ ಬಂತು. ಆಮೇಲೆ ಹದಿನೈದು ಮೇಕೆ ತಂದು, ಮರಿ ಮಾರಿದ ರಸೀದಿ ಫೈಲ್ ಮಾಡಿಟ್ಟು, ಆ್ಯಗ್ ವ್ಯಾಲ್ಯುಯೇಷನ್ ವಾಪಸ್ ಪಡೆದೆ. ಸದ್ಯ, ಹಿಂದಿನ 7 ವರ್ಷದಲ್ಲಿ 5 ವರ್ಷ ಕೃಷಿ ಆಗಿರಬೇಕು ಅನ್ನೋ ಲೆಕ್ಕ ತಪ್ಪಿರಲಿಲ್ಲ. ಇನ್ನೆರಡು ವರ್ಷ ಸುಮ್ನೆ ಬಿಟ್ಟಿದ್ರೆ ಅದೂ ಹೋಗಿರೋದು.

ಇಲ್ಲಿಂದೋ ನಮ್ಮೂರಿಂದೋ, ಯಾವ ಪದ್ಧತಿ ಮೇಲು ಅಂತ ಅಪ್ಪನ ಜೊತೆ ಈಗ್ಲೂ ವಾದ ಆಗುತ್ತೆ. ಬೆಲೆ ಕಟ್ಟಿದ್ದಕ್ಕೇ ಇಲ್ಲಿ ಇಷ್ಟು ಸಾವಿರ ಕೃಷ್ಣಮೃಗ ಇವೆ, ಅದು ನಿಜ. ಆದ್ರೆ ಕೊಂಬಿನ ಅಳತೆ ಮೇಲೆ ರೇಟ್ ಹಾಕಿ ಹೊಡೆಯೋಕೆ ಬಿಡೋದು ನನಗಂತೂ ಒಗ್ಗಲ್ಲ. ಪೈರು ಮೇಯ್ದ್ರೂ ಬೈಕೊಂಡು ಸುಮ್ನಿರೋ ನಮ್ಮೂರ ರೈತರೇ ದೊಡ್ಡೋರು ಅನ್ಸುತ್ತೆ.

ಇನ್ನು ಸಾಕೋ ವಿಷ್ಯ. ಆಕ್ಸಿಸ್ ಬೇಲಿ ಹಾರುತ್ತೆ ಅಂತ ಎಲ್ಲರೂ ಎತ್ತರ ನೋಡ್ತಾರೆ, ಕೃಷ್ಣಮೃಗ ಕೆಳಗಿಂದ ನುಸೀತದೆ, ಬೇಲಿ ಹಳ್ಳ ದಾಟೋ ಕಡೆ ಬಗ್ಗಿ ನೋಡಿ. ಎಲ್ಕ್, ಸಿಕಾ, ರೆಡ್ ಡಿಯರ್ ಅನ್ನೋ ಬೇರೆ ಜಾತಿ ಜಿಂಕೆ ಬೇಕಂದ್ರೆ ರೋಗದ ಟೆಸ್ಟಿಂಗ್ ನಿಯಮ ಬೇರೆ ಇದೆ. ದುಡ್ಡು ತಗೊಂಡು ಜನಕ್ಕೆ ತೋರಿಸೋದಾದ್ರೆ ಯುಎಸ್‌ಡಿಎ (ಫೆಡರಲ್ ಕೃಷಿ ಇಲಾಖೆ) ಲೈಸೆನ್ಸ್ ವಿಚಾರಿಸಿ. 2021ರ ಫೆಬ್ರವರಿ ಹಿಮಕ್ಕೆ ಈ ಬಿಸಿಲು ನಾಡಿನ ಮೃಗಗಳು ರಾಶಿ ರಾಶಿ ಸತ್ತವು, ಅದಕ್ಕೆ ಉತ್ತರದ ಗಾಳಿಗೆ ಅಡ್ಡ ಇರೋ ಶೆಡ್ಡು, ಒಣಹುಲ್ಲು ನವೆಂಬರ್ ಒಳಗೇ ರೆಡಿ ಇರಲಿ.