ದೊಡ್ಡ ಟೈರ್ ಕೊಳ್ಳುವ ಮೊದಲು ಪಿನಿಯನ್ ಹಲ್ಲು ಎಣಿಸಿ

ಗ್ಯಾರೇಜಿಗೆ ಬರುವ ಹುಡುಗರು ಮೊದಲು ಕೇಳುವುದೇ ಟೈರ್. ‘ಅಣ್ಣಾ, ಜಿಪ್ಸಿಗೆ 31 ಇಂಚು ಕೂರುತ್ತಾ?’ ಕೂರುತ್ತದೆ. ಗಾಡಿ ಎತ್ತರಿಸಲು ಲಿಫ್ಟ್ ಕೊಟ್ಟು, ಚಕ್ರದ ಮೇಲಿನ ಫೆಂಡರ್ ಕತ್ತರಿಸಿದರೆ ಯಾವುದು ಬೇಕಾದರೂ ಕೂರುತ್ತದೆ. ಅದನ್ನು ತಿರುಗಿಸುವ ಶಕ್ತಿ ಗಾಡಿಗಿದೆಯಾ, ಆ ಏಟನ್ನು ಆಕ್ಸಲ್ ತಡೆಯುತ್ತಾ ಅನ್ನೋದು ಬೇರೆ ಮಾತು. ನನ್ನ ಪ್ರಕಾರ ಟೈರ್ ಕೊನೆಗೆ ಕೊಳ್ಳುವ ಸಾಮಾನು. ಮೊದಲು ರೇಶಿಯೋ ಲೆಕ್ಕ, ಆಮೇಲೆ ಆಕ್ಸಲ್, ಅದಾದ ಮೇಲೆ ಟೈರ್. ಚಕ್ರ ಒಂದು ಸುತ್ತು ತಿರುಗಲು ಇಂಜಿನ್ ಕಡೆಯ ಶಾಫ್ಟ್ ಎಷ್ಟು ಸುತ್ತಬೇಕೋ ಅದೇ ರೇಶಿಯೋ. ಆ ಶಾಫ್ಟಿನ ತುದಿಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್.

ನಾನಿರುವುದು ಸಕಲೇಶಪುರದ ಕಡೆ. ಕೈಗೆ ಬರುವುದು ಎಸ್ಟೇಟ್ ಜಿಪ್ಸಿಗಳು, ಹಳೇ ಮಹೀಂದ್ರಾ ಜೀಪುಗಳೇ ಜಾಸ್ತಿ. ಹಾಗಾಗಿ ಜಿಪ್ಸಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಲೆಕ್ಕ ಎಲ್ಲ ಗಾಡಿಗೂ ಒಂದೇ.

ಜಿಪ್ಸಿಯ ಟೈರ್ 205/70 ಆರ್15. ಅಗಲ 205 ಮಿ.ಮೀ. ಅದರ ನೂರಕ್ಕೆ 70 ಭಾಗ ಸೈಡ್‌ವಾಲ್ ಎತ್ತರ, ಅಂದರೆ 143.5. ರಿಮ್ಮಿನ ಮೇಲೊಂದು, ಕೆಳಗೊಂದು, ಸೇರಿ 287. ನಡುವೆ 15 ಇಂಚಿನ ರಿಮ್, 381 ಮಿ.ಮೀ. ಒಟ್ಟು 668 ಮಿ.ಮೀ., ಅಂದರೆ 26.3 ಇಂಚು. ಈಗ ಎಲ್ಲರೂ ಇಷ್ಟಪಡುವ 235/75 ಆರ್15 ತಗೊಳ್ಳಿ. ಅದೇ ಲೆಕ್ಕಕ್ಕೆ 733.5 ಮಿ.ಮೀ. ಬರುತ್ತದೆ. ಇದನ್ನು ಹಳೆಯದರಿಂದ ಭಾಗಿಸಿದರೆ 1.098. ಹೆಚ್ಚೂಕಡಿಮೆ ನೂರಕ್ಕೆ ಹತ್ತು ದೊಡ್ಡದು. 31 ಇಂಚಿನದಾದರೆ 1.179.

ಈ 1.098 ಅನ್ನು ಸಣ್ಣ ಸಂಖ್ಯೆ ಅಂದುಕೊಳ್ಳಬೇಡಿ. ನಿಮ್ಮ ಎಲ್ಲ ಗೇರುಗಳೂ ಅಷ್ಟರ ಮಟ್ಟಿಗೆ ಎಳೆತ ಕಳೆದುಕೊಂಡವು ಅಂತಲೇ ಅರ್ಥ. ಜಿಪ್ಸಿಯ 1.3 ಲೀಟರ್ ಪೆಟ್ರೋಲ್ ಇಂಜಿನ್ ಕೊಡುವುದು 103 ನ್ಯೂಟನ್ ಮೀಟರ್ ಟಾರ್ಕ್, ಅದೂ 4500 ಆರ್‌ಪಿಎಂನಲ್ಲಿ. ಜೂನ್ ಮಳೆಯಲ್ಲಿ ತೋಟದ ಕೆಂಪು ಕೆಸರಿನ ಏರು ಹತ್ತುವಾಗ 4500 ತಿರುಗಿಸಿಕೊಂಡು ಯಾರೂ ಹೋಗುವುದಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಾಲದಾದಾಗ ಡ್ರೈವರ್ ಏನು ಮಾಡುತ್ತಾನೆ? ಅರ್ಧ ಕ್ಲಚ್ ಒತ್ತಿ ಹಿಡಿಯುತ್ತಾನೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಅಲ್ಲಿಂದ ಶುರು. 2020ರ ಥಾರ್ ಡೀಸೆಲ್ ಮ್ಯಾನುಯಲ್‌ನ ಕಥೆ ಬೇರೆ. ಅದು 1600 ಆರ್‌ಪಿಎಂನಿಂದಲೇ 300 ನ್ಯೂಟನ್ ಮೀಟರ್ ಕೊಡುತ್ತದೆ. ಕಂಪನಿಯ 255/65 ಆರ್18 ಟೈರೇ 31 ಇಂಚಿದೆ. ಅದಕ್ಕೆ ಒಂದು ಸೈಜ್ ಮೇಲೆ ಹೋದರೆ ರೇಶಿಯೋ ಮುಟ್ಟದೆ ನಡೆಯುತ್ತದೆ. ಜಿಪ್ಸಿಗೆ ಆ ಸಲಿಗೆ ಇಲ್ಲ.

ಈಗ ನಿಮ್ಮ ಗಾಡಿಯ ರೇಶಿಯೋ ಎಷ್ಟು ಅಂತ ನೋಡಿ. ಪುಸ್ತಕದಲ್ಲಿ ಬರೆದದ್ದನ್ನು ನಂಬಬೇಡಿ. ಹಳೇ ಗಾಡಿಗಳಲ್ಲಿ ಯಾವಾಗ, ಯಾರು, ಯಾವ ಹೌಸಿಂಗ್ (ಕ್ರೌನ್ ಪಿನಿಯನ್ ಕೂತಿರುವ ಆಕ್ಸಲ್ ಡಬ್ಬಿ) ಬದಲಾಯಿಸಿದ್ದಾರೋ ಗೊತ್ತಿರುವುದಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೆಲದ ಚಕ್ರಗಳಿಗೆಲ್ಲ ಹಿಂದೆ ಮುಂದೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರ ಮಾತ್ರ ಜಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಇಡಿ. ಆಕ್ಸಲ್ಲಿಗೆ ಬರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನಿಂತಿರುವುದರಿಂದ ಕ್ರೌನ್ ತಿರುಗುವುದು ಒಂದೇ ಸುತ್ತು. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತಿತೋ ಅದೇ ರೇಶಿಯೋ. ಹಬ್ ಲಾಕ್ ಮಾಡಿ, ಅಂದರೆ ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸಿ, ಮುಂದಿನದನ್ನೂ ಹೀಗೇ ಎಣಿಸಿ. ಎರಡೂ ಒಂದೇ ಇರಬೇಕು. ಹಿಂದೆ ಒಂದು, ಮುಂದೆ ಒಂದು ಇದ್ದು ಫೋರ್‌ವೀಲ್ ಹಾಕಿದರೆ ಶಾಫ್ಟ್, ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡೂ ಒಳಗೊಳಗೇ ತಿರುಚಿಕೊಂಡು ಏನಾದರೊಂದು ಮುರಿಯುತ್ತದೆ. ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸುವ ಲಾಕರ್ ಇರುವ ಹೌಸಿಂಗ್ ಆದರೆ ಎರಡೂ ಚಕ್ರ ಎತ್ತಿ ಒಂದೇ ಸುತ್ತು ತಿರುಗಿಸಿ.

ಮುಂದಿನದು ಗುಣಾಕಾರ. ಹಳೇ ರೇಶಿಯೋವನ್ನು ಟೈರಿನ ಅನುಪಾತದಿಂದ ಗುಣಿಸಿ. ಜಿಪ್ಸಿಯ ಬಳಗದ ಸುಜುಕಿ ಸಮುರಾಯ್ ಅಮೆರಿಕದಲ್ಲಿ 3.73 ರೇಶಿಯೋ ಜೊತೆ ಬಂತು. 3.73 ಗುಣಿಸು 1.098 ಅಂದರೆ 4.10. ಸುಜುಕಿಯದೇ 4.11 ಕ್ರೌನ್ ಪಿನಿಯನ್ ಇದೆ, ಕ್ರೌನಿನ 37 ಹಲ್ಲಿಗೆ ಪಿನಿಯನ್ನಿನ 9 ಹಲ್ಲು. ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಸ್ಪೀಡೋಮೀಟರ್ ಕೂಡ ಮತ್ತೆ ಸರಿಯಾಗುತ್ತದೆ. ಇಲ್ಲದಿದ್ದರೆ ಮುಳ್ಳು 60 ತೋರಿಸುವಾಗ ನೀವು 66ರಲ್ಲಿ ಇರುತ್ತೀರಿ.

31 ಇಂಚಿಗೆ ಹೋದರೆ ಅದೇ ಲೆಕ್ಕ 4.40 ಬರುತ್ತದೆ. ಇಲ್ಲಿ ನಾನು ಆಕ್ಸಲ್ ಬಿಟ್ಟು ಟ್ರಾನ್ಸ್‌ಫರ್ ಕೇಸ್ ಕಡೆ ನೋಡಿ ಅನ್ನುತ್ತೇನೆ. ಈ ಬಳಗದ ಗಾಡಿಗಳಲ್ಲಿ ಅದು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಸಣ್ಣ ಶಾಫ್ಟಿನಿಂದ ಬೇರೆಯೇ ಕೂತಿದೆ. ಬಿಚ್ಚಿ ಗೇರ್ ಬದಲಾಯಿಸುವುದು ಸುಲಭ. ಸಮುರಾಯ್ ಲೆಕ್ಕ ನೋಡಿ: ಫಸ್ಟ್ ಗೇರ್ 3.652, ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ 2.268, ಆಕ್ಸಲ್ 3.73. ಮೂರೂ ಗುಣಿಸಿದರೆ 30.9. ಲೋ ಗೇರನ್ನು 4.16 ಮಾಡಿದರೆ 56.7. 31 ಇಂಚಿನ ಟೈರ್ ತಿಂದು ಹಾಕಿದ್ದನ್ನು ಕಳೆದರೂ 48 ಉಳಿಯುತ್ತದೆ. ಕಲ್ಲಿನ ಮೇಲೆ ಕ್ಲಚ್ ಮುಟ್ಟದೆ ತೆವಳಿಕೊಂಡು ಹೋಗಬಹುದು.

ಹಾಗಾದರೆ ಆಕ್ಸಲ್ಲಿಗೇ 5ರ ಮೇಲಿನ ರೇಶಿಯೋ ಹಾಕಿದರೆ ಆಗಲ್ವಾ? ಹಲ್ಲು ಎಣಿಸಿ ಅಂದಿದ್ದು ಇದಕ್ಕೇ. ಕ್ರೌನ್ ಸೈಜ್ ಹೌಸಿಂಗಿನಷ್ಟೇ ಇರಬೇಕು, ಹಾಗಾಗಿ ರೇಶಿಯೋ ಏರಿದಷ್ಟೂ ಪಿನಿಯನ್ ಚಿಕ್ಕದಾಗುತ್ತದೆ, ಅದರ ಬಲವೂ ಕಡಿಮೆಯಾಗುತ್ತದೆ. ವಿಲ್ಲಿಸ್ ಸಿಜೆ-3ಬಿ ಜೀಪಿನ 5.38ರಲ್ಲಿ 43ಕ್ಕೆ 8 ಹಲ್ಲು. ಆ ಜೀಪು ಆ ರೇಶಿಯೋದಲ್ಲಿ ಎಷ್ಟೋ ವರ್ಷ ದುಡಿಯಿತು, ಯಾಕಂದರೆ ಅದರ ಟೈರ್ ತೆಳ್ಳಗೆ, ಹಗುರ. ಕೊಡಚಾದ್ರಿಯ ಕಲ್ಲುದಾರಿ ಹತ್ತುವ ಜೀಪುಗಳನ್ನು ಗಮನಿಸಿ. ಅಲ್ಲಿ ಕೆಲಸ ಮಾಡುವುದು ಲೋ ಗೇರ್ ಮತ್ತು ಡ್ರೈವರನ ಪಾದ.

ಟೈರ್ ದೊಡ್ಡದಾದಂತೆ ಆಕ್ಸಲ್ ಶಾಫ್ಟಿನ ಮೇಲೆ ಬೀಳುವ ತಿರುಚೂ ಅದೇ ಪ್ರಮಾಣದಲ್ಲಿ ಏರುತ್ತದೆ. ರೇಶಿಯೋ ಬದಲಾಯಿಸಿ ಇದನ್ನು ತಪ್ಪಿಸಲು ಆಗದು. ಜಿಪ್ಸಿಯಲ್ಲಿ ಮೊದಲು ಕೈಕೊಡುವುದು ಮುಂದಿನ ಬರ್ಫೀಲ್ಡ್ ಜಾಯಿಂಟ್, ಅಂದರೆ ಚಕ್ರ ತಿರುವಿದಾಗಲೂ ಶಕ್ತಿ ದಾಟಿಸುವ ಬಾಲ್ ಜೋಡಣೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿ, ಕಟ ಕಟ ಸದ್ದು ಬಂದರೆ ಅದು ಸವೆದಿದೆ. ಅದರ ಮೇಲೆ 31 ಇಂಚು ಹಾಕಿ, ಫುಲ್ ಲಾಕ್‌ನಲ್ಲಿ ರಿವರ್ಸ್ ಎಳೆದರೆ ಬಾಲ್ ಕೇಜ್ ಒಡೆಯುತ್ತದೆ. ಚಕ್ರ ಕುಣಿಯಲು ಶುರುವಾದ ಕೂಡಲೇ ಆಕ್ಸಿಲರೇಟರ್ ಬಿಡಿ. ಮುರಿಯುವುದೆಲ್ಲ ಆ ಕುಣಿತದಲ್ಲೇ.

ಅಮೆರಿಕದ ಜೀಪಿನವರು ಆಕ್ಸಲ್ಲನ್ನು ಕ್ರೌನಿನ ಅಳತೆಯಿಂದ ಅಳೆಯುತ್ತಾರೆ. ಡಾನಾ ಕಂಪನಿಯ ಆಕ್ಸಲ್ ನೋಡಿ: ಡಾನಾ 30ಕ್ಕೆ ಸುಮಾರು 7.2 ಇಂಚು, ಡಾನಾ 44ಕ್ಕೆ 8.5, ಡಾನಾ 60ಕ್ಕೆ 9.75. 35 ಇಂಚಿಗೆ ಹೋಗುವವರು ಡಾನಾ 44 ಹುಡುಕುವುದು, 40ರ ಹತ್ತಿರ ಹೋಗುವವರು 60 ಹುಡುಕುವುದು ಅದಕ್ಕೇ. ಇನ್ನೊಂದು ಎಚ್ಚರಿಕೆ. ಡಾನಾ 44ರಲ್ಲಿ 3.73 ತನಕ ಒಂದು ಕ್ಯಾರಿಯರ್ (ಕ್ರೌನ್ ಕೂರುವ ಭಾಗ), 3.92ರಿಂದ ಮೇಲೆ ಇನ್ನೊಂದು. ಈ ಗಡಿ ದಾಟುವಾಗ ಬರೀ ಕ್ರೌನ್ ಪಿನಿಯನ್ ತರಿಸಿಕೊಂಡರೆ ಕೂರುವುದಿಲ್ಲ.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. ಸ್ಪರ್ಧೆಗೆ ಕಟ್ಟಿದ ಗಾಡಿಯನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ. ದೊಡ್ಡ ಟೈರಿಗೆ ಬ್ರೇಕೂ ಮೊದಲಿನಷ್ಟು ಹಿಡಿಯುವುದಿಲ್ಲ, ಬಿಸಿಲೆ ಘಾಟ್ ಇಳಿಯುವಾಗ ಅದು ಗೊತ್ತಾಗುತ್ತದೆ.

ಕ್ರೌನ್ ಪಿನಿಯನ್ ಕೂರಿಸುವ ಕೆಲಸವನ್ನು ಮಾತ್ರ ಸೂಕ್ಷ್ಮ ಅಳತೆಯ ಡಯಲ್ ಗೇಜ್ ಇಲ್ಲದ ಕಡೆ ಕೊಡಬೇಡಿ. ಹಲ್ಲಿಗೂ ಹಲ್ಲಿಗೂ ನಡುವಿನ ಆಟ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಒಳಗಿರಬೇಕು. ನಿಮ್ಮ ಹೌಸಿಂಗಿನ ಮ್ಯಾನುಯಲ್ ಹೇಳಿದ್ದೇ ಕೊನೇ ಮಾತು. ನಾಲ್ಕು ಹಲ್ಲಿಗೆ ಪ್ರಷ್ಯನ್ ಬ್ಲೂ ಅನ್ನುವ ನೀಲಿ ಬಣ್ಣ ತೆಳ್ಳಗೆ ಸವರಿ, ಕ್ರೌನನ್ನು ಕೈಯಲ್ಲಿ ತಡೆದು ಹಿಡಿದು ತಿರುಗಿಸಿ. ಅಚ್ಚು ಹಲ್ಲಿನ ನಡುವೆ ಬೀಳಬೇಕು. ಬುಡಕ್ಕೆ ಬಿದ್ದರೆ ಪಿನಿಯನ್ ಜಾಸ್ತಿ ಒಳಗಿದೆ, ತುದಿಗೆ ಬಿದ್ದರೆ ಹೊರಗಿದೆ. ಶಿಮ್ (ಒಳಗೆ ಕೊಡುವ ತೆಳು ಬಿಲ್ಲೆ) ಬದಲಾಯಿಸಿ ಮತ್ತೆ ನೋಡಬೇಕು. ಒಂದೇ ಸಲಕ್ಕೆ ‘ಸರಿ ಹೋಯ್ತು’ ಅನ್ನುವ ಮೆಕ್ಯಾನಿಕ್ ಹತ್ತಿರ ಆ ನೀಲಿ ಅಚ್ಚಿನ ಫೋಟೋ ಕೇಳಿ.

ಮೇಲೆ ಕಟ್ಟಿ, ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿದ ಮೇಲೆ ಕಾಲು ಗಂಟೆ ಮೆಲ್ಲಗೆ ಓಡಿಸಿ, ಹೌಸಿಂಗ್ ಪೂರ್ತಿ ಆರಲು ಬಿಡಿ. ಹೀಗೇ ಕೆಲವು ಸಲ ಮಾಡಿ. ಮೊದಲ 800 ಕಿ.ಮೀ. ಟ್ರೈಲರ್ ಎಳೆಯಬೇಡಿ, ಕಾಫಿ ಮೂಟೆ ಹೇರಬೇಡಿ. ಆಮೇಲೆ ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೊಸ ಆಯಿಲ್ ಹಾಕಿ ಹೊರಡಿ. ಚೂರು ಸಿಕ್ಕರೆ ಅಲ್ಲೇ ಕವರ್ ಬಿಚ್ಚಿಸಿ.